ಹಾರ ಬಂತು, ಹಾರಿ ಎಲ್ಲಿ?

ಸನ್ಮಾನ ಮಾಡುವವರು ಮೊದಲು ಸನ್ಮಾನಿತನ ಮನೆಯ ಅಂಗಳ ನೋಡಿ ಬರತಕ್ಕದ್ದು ಎಂಬ ನಿಯಮ ಸರ್ಕಾರಿ ನೌಕರರ ಸೇವಾ ನಿಯಮಾವಳಿಯಾದ ಕೆಸಿಎಸ್‌ಆರ್‌ನಲ್ಲಿ ಇರಬೇಕಿತ್ತು. ಇಲ್ಲ. ಹಾಗಾಗಿ 2025ರ ಮಾರ್ಚ್ 29ರ ಶನಿವಾರ ಮಧ್ಯಾಹ್ನ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಮತ್ತು ಮೂರು ಫೂಟು ಎತ್ತರದ ಕೇಸರ್ ಮಾವಿನ ಕಸಿ ಸಸಿಯೊಂದಿಗೆ ನನ್ನನ್ನು ಆಟೋದಲ್ಲಿ ಕೂಡಿಸಿ ಕಳಿಸಿದರು. ಶಾಲು ಟ್ರಂಕಿಗೆ ಹೋಗುತ್ತದೆ, ಹಣ್ಣು ಹೊಟ್ಟೆಗೆ ಹೋಗುತ್ತದೆ, ಗಡಿಯಾರ ಮುಂದಿನ ಯಾರದೋ ಮದುವೆಗೆ ಹೋಗುತ್ತದೆ. ಸಸಿ ಎಲ್ಲಿಗೆ ಹೋಗಬೇಕು?

ಖರೇ ಹೇಳಬೇಕೆಂದರೆ ನಾನು ನಿವೃತ್ತನಾಗಬೇಕಾದದ್ದು 31ರ ಸೋಮವಾರ. ಆದರೆ ಅವತ್ತು ರಂಜಾನ್, ಅದರ ಹಿಂದಿನ ದಿನ ಯುಗಾದಿ. ಶನಿವಾರ ಎರಡನೆಯದೂ ಅಲ್ಲ, ನಾಲ್ಕನೆಯದೂ ಅಲ್ಲ, ಐದನೆಯದು. ಆಫೀಸು ತೆರೆದಿತ್ತು, ಬೀಳ್ಕೊಡುಗೆಯನ್ನು ಅವತ್ತೇ ಮುಗಿಸಿಬಿಟ್ಟರು. ಮೂವತ್ನಾಲ್ಕು ವರ್ಷ ಫೈಲುಗಳನ್ನು ತಡ ಮಾಡಿದವನನ್ನು ಎರಡು ದಿನ ಮುಂಚಿತವಾಗಿ ವಿಲೇವಾರಿ ಮಾಡಿದ್ದು ಕಂಡು ನನಗೇ ಅಚ್ಚರಿಯಾಯಿತು.

ಮಾತಾಡಿದವರು ಏಳು ಜನ. ಅದರಲ್ಲಿ ಐದು ಜನ, "ಇನ್ನ ಆರಾಮ ಗಿಡಾ ಹಚ್ಕೋತ ಕೂಡ್ರಿ ಸರ್" ಅಂದರು. ಆರನೆಯವರು ವಸಂತ ಋತು, ಕೋಗಿಲೆ, ಚಿಗುರು ಎಂದೆಲ್ಲ ಶುರು ಮಾಡಿ, ಸಾಹೇಬರ ಬಾಳಿನಲ್ಲಿ ಈಗ ವಸಂತ ಅಂದರು. ಅವರು ಕಲಬುರಗಿಗೆ ವರ್ಗವಾಗಿ ಬಂದು ಎಂಟೇ ತಿಂಗಳಾಗಿತ್ತು, ನಮ್ಮ ಬೇಸಿಗೆ ಇನ್ನೂ ಕಂಡಿರಲಿಲ್ಲ. ಹಾರದ ಭಾರಕ್ಕೆ ಕುತ್ತಿಗೆ ಬಗ್ಗಿಸಿಕೊಂಡು ಕೂತಿದ್ದ ನನಗೆ ಆ ಹೊತ್ತಿನಲ್ಲಿ ನೌಕರಿಯ ಬಗ್ಗೆ, ಬಾಳಿನ ಬಗ್ಗೆ ಒಂದು ತೂಕದ ಮಾತು ಹೊಳೆಯಿತು. ಅದನ್ನು ಹೇಳಲಿಕ್ಕೆಂದೇ ಇದನ್ನು ಬರೆಯಲು ಕೂತದ್ದು. ಆದರೆ ಮೊದಲು ಈ ವಸಂತದ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ.

ನಮ್ಮ ಕಡೆ ವಸಂತ ಅಂದರೆ ಆಫೀಸು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಒಂದೂವರೆಗೆ ಮುಗಿಯುವ ಕಾಲ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗಕ್ಕೆ ಸರ್ಕಾರವೇ ಈ ಹೊತ್ತು ಗೊತ್ತು ಮಾಡುತ್ತದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಮನೆ ಸೇರಿ, ಶಹಾಬಾದಿ ಫರಸಿ ಕಲ್ಲಿನ ಮೇಲೆ ನೀರು ಚಿಮುಕಿಸಿ ಬೆನ್ನು ಹಚ್ಚಿ ಮಲಗುವ ಸುಖ ಇಡೀ ನೌಕರಿಯಲ್ಲಿ ನಾನು ಪ್ರಾಮಾಣಿಕವಾಗಿ ಅನುಭವಿಸಿದ ಒಂದೇ ಸೌಲಭ್ಯ. ಅದು ಶುರುವಾಗುವುದಕ್ಕೆ ಸರಿಯಾಗಿ ಒಂದು ದಿನ ಮೊದಲು ನನ್ನನ್ನು ಮನೆಗೆ ಕಳಿಸಿದ್ದಾರೆ. ಇದು ವಸಂತವಂತೆ!

ಇನ್ನು ಮಣ್ಣು. ನಮ್ಮದು ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಕಾಲು ಹಿಡಿದರೆ ಚಪ್ಪಲಿ ಬಿಟ್ಟುಕೊಟ್ಟು ಬರಬೇಕು. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಲ್ಲಾಗುತ್ತದೆ. ಬಿರುಕಿನಲ್ಲಿ ಬಿದ್ದ ಎಂಟಾಣೆಯನ್ನು ನನ್ನ ಬಾಲ್ಯದಲ್ಲಿ ಯಾರೂ ತಿರುಗಿ ಕಂಡದ್ದಿಲ್ಲ. ಇಂಥ ನೆಲದಲ್ಲಿ ಗಿಡ ಹಚ್ಚುವುದು ಮಿರಗದ ಮಳೆ ಬಂದ ಮೇಲೆ, ಜೂನಿನಲ್ಲಿ. ಯುಗಾದಿಗೆ ಗಿಡ ಹಚ್ಚುವವರು ಪುಸ್ತಕದಲ್ಲಿ ಮಾತ್ರ ಸಿಗುತ್ತಾರೆ. ಇದನ್ನೇ ನಾನು ಮನೆಯಲ್ಲಿ ಹೇಳಿದೆ.

ಯಾರು ಕೇಳಬೇಕು? ಮಗಳು ರಾಯಚೂರಿನಿಂದ ಹನ್ನೊಂದು ತಿಂಗಳ ಕೂಸು ಕಟ್ಟಿಕೊಂಡು ಬಂದಿದ್ದಳು. ಅಳಿಯ, ಬೀಗರು ಬಂದಿದ್ದರು. ಯುಗಾದಿ ಮೂರೂವರೆ ಮುಹೂರ್ತಗಳಲ್ಲಿ ಒಂದು, ಯಾರನ್ನೂ ಕೇಳುವುದೇ ಬೇಡ ಎಂದು ಭಾನುವಾರ ಶರಣಬಸವೇಶ್ವರ ಗುಡಿಯಲ್ಲಿ ಜವಳ ಇಟ್ಟುಕೊಂಡಿದ್ದರು. ಸೋದರಮಾವನ ತೊಡೆ ಬೇಕಲ್ಲ, ಮಗ ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ. ಆ ರೈಲಿನ ಹೆಸರಿನ ಪ್ರಭಾವವೋ ಏನೋ, ಚಹಾ ಕುಡಿಯುವ ಮೊದಲೇ ಸಸಿಯ ಮೇಲೆ ಕಣ್ಣು ಹಾಕಿದ. "ಅಪ್ಪಾ, ಇವತ್ತೇ ಹಚ್ಚೋಣು. ಎಲ್ಲಾ ಕೂಡೀವಿ, ನೆನಪಿಗಿ ಇರ್ತದ."

ಜವಳ ಹತ್ತು ನಿಮಿಷದಲ್ಲಿ ಮುಗಿಯಿತು. ಕೂಸು ಅಳಲಿಲ್ಲ, ಬಾಚಣಿಗೆ ಕಸಿದುಕೊಂಡಿತು. ಆ ಕೆಲಸದವನ ಕೈ ಶಾಣ್ಯಾ ಕೈ. ನೆತ್ತಿಯ ಮೆತ್ತನೆ ಜಾಗದಲ್ಲಿ ಕತ್ತಿ ನಿಲ್ಲಿಸಿ, ಉಸಿರು ಬಿಟ್ಟು, ಆಮೇಲೆ ಎಳೆಯುತ್ತಿದ್ದ. ಬೋಳುತಲೆಯ ಮೊಮ್ಮಗ ಥೇಟು ನಮ್ಮಪ್ಪನಂತೆ ಕಾಣುತ್ತಿದ್ದ. ಅದನ್ನು ಬೀಗರ ಎದುರು ಹೇಳಿ ನಾನೇ ಕೆಟ್ಟವನಾದೆ.

ಮನೆಗೆ ಬಂದರೆ ಮಗ ಪಂಚಾಂಗ ತೆಗೆದು ಇನ್ನೊಂದು ಶೋಧ ಮಾಡಿದ. ನಾನು ಹುಟ್ಟಿದ್ದು 1965ರ ಮಾರ್ಚಿನಲ್ಲಿ, ಅಂದರೆ ಕ್ರೋಧಿ ಸಂವತ್ಸರದ ತುದಿಯಲ್ಲಿ. ಅರವತ್ತು ಸಂವತ್ಸರ ಸುತ್ತಿ ಮತ್ತೆ ಕ್ರೋಧಿ ಬಂದು, ಅದೂ ನಿನ್ನೆಗೆ ಮುಗಿದು ವಿಶ್ವಾವಸು ಹತ್ತಿದೆ. ನಮ್ಮಾಕಿ ಹೂರಣ ರುಬ್ಬುತ್ತಲೇ, "ಕ್ರೋಧಿಯೊಳಗ ಹುಟ್ಯಾರಾ? ಮೂವತ್ತು ವರ್ಷದಾಗ ಯಾರೂ ಹೇಳಿಲ್ಲ ನೋಡು" ಅಂದಳು.

ಅಂಗಳಕ್ಕೆಲ್ಲ ಅಪ್ಪ ಹಾಸಿದ ಫರಸಿ. ಒಂದು ಎಬ್ಬಿಸದೆ ಸಸಿಗೆ ಜಾಗವಿಲ್ಲ. ಎಬ್ಬಿಸಲು ಹಾರಿ, ಅಂದರೆ ಕಬ್ಬಿಣದ ಹಾರೆ ಬೇಕು. ಹಾರಿ ನಮ್ಮ ಮನೆಯಲ್ಲಿ ಇದೆ ಎಂದೇ ನಾನು ಹನ್ನೆರಡು ವರ್ಷದಿಂದ ತಿಳಿದಿದ್ದೆ.

ಅದು ಅಪ್ಪ ಕಂಬಾರನ ಎದುರು ಕೂತು ಹೊಡೆಸಿದ ಹಾರಿ. ಐದು ಫೂಟು ಉದ್ದ, ಒಂದು ತುದಿ ಮೊನೆ, ಇನ್ನೊಂದು ತುದಿ ಉಳಿಯಂತೆ ಚಪ್ಪಟೆ, ಹಿಡಿಯುವ ಜಾಗದಲ್ಲಿ ಅಪ್ಪನ ಅಂಗೈ ತಿಕ್ಕಿ ತಿಕ್ಕಿ ಕನ್ನಡಿಯಂತಾಗಿತ್ತು. ಎದುರು ಮನೆಯ ಮಾಸ್ತರರು ಮಗಳ ಮದುವೆಯ ಹಂದರಕ್ಕೆ ಕುಣಿ ತೋಡಲು ಒಯ್ದಿದ್ದರು. ಆ ಮಗಳ ಮಗ ಈಗ ಐದನೇ ಇಯತ್ತೆ.

ಮಾಸ್ತರರ ಮನೆಗೆ ಹೋದೆ. ಯುಗಾದಿ ದಿನ ಮನೆಗೆ ಬಂದವನಿಗೆ ಬೇವು ಕುಡಿಸದೆ ಬಿಡುತ್ತಾರೆಯೇ? ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು, ಮೇಲೆ ಬೇವಿನ ಹೂವು. ತಂಬಿಗೆಯಷ್ಟು ದೊಡ್ಡ ಗ್ಲಾಸು. "ಹಾರಿ? ಅದು ವಕೀಲರ ಮನಿಗಿ ಹೋಗ್ಯಾದ. ಅವರು ನಳದ ಪೈಪ್ ಹಾಕಿಸ್ಲತ್ತಿದ್ರು. ಮತ್ತ, ಇನ್ನ ಏನ್ ಮಾಡೋರು ನೀವು?" ವಕೀಲರ ಮನೆಯಲ್ಲಿ ಗ್ಲಾಸು ಸಣ್ಣದು, ಆದರೆ ಎರಡು. ಅವರು ಗಣಪತಿ ಪೆಂಡಾಲಿನ ಹುಡುಗರಿಗೆ ಕೊಟ್ಟಿದ್ದರಂತೆ. "ಮತ್ತ, ಇನ್ನ ಏನ್ ಮಾಡೋರು?" ಹುಡುಗರಲ್ಲಿ ಒಬ್ಬ ಈಗ ಕಿರಾಣಿ ಅಂಗಡಿಯ ಮಾಲೀಕ. ಅವನು ಬೇವಿನ ಜೊತೆ ಚೂಡಾ ಕೂಡ ಕೊಟ್ಟು, "ಕಾಕಾ, ಅದು ಚಾಚಾರ ಕಡಿ ಅದ, ಖರೇನ" ಎಂದು ಆಣೆ ಹಾಕಿದ.

ನಡು ಮಧ್ಯಾಹ್ನ, ತಲೆಯ ಮೇಲೆ ಸನ್ಮಾನದ ಶಾಲು ಹೊದ್ದು ಓಣಿಯಲ್ಲಿ ನಡೆಯುತ್ತಿದ್ದ ನನ್ನನ್ನು ಕಂಡು ನಾಯಿಗಳು ಕೂಡ ಬೊಗಳಲಿಲ್ಲ. ಅವಕ್ಕೆ ತ್ರಾಣ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ನಾಲ್ಕು ಗ್ಲಾಸು ಬೇವು ಅಲುಗುತ್ತಿತ್ತು. ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಒಯ್ದ ವಸ್ತು ತಂದು ಕೊಡದಿದ್ದರೂ ನಡೆದೀತು. ಆದರೆ ಅದರ ಮಾಲೀಕನಿಗೇ "ಹುಷಾರಿಂದ ಕೇಳಿ ನೋಡ್ರಿ, ಅವರು ಜಲ್ದಿ ಕೊಡಾಂಗಿಲ್ಲ" ಎಂದು ಬುದ್ಧಿ ಹೇಳುವವರನ್ನು ಸಹಿಸುವುದು ಕಷ್ಟ.

ಚಾಚಾ ರೋಜಾ ಇದ್ದರು. ಕಟ್ಟೆಯ ಮೇಲೆ ನೆರಳಿಗೆ ಒರಗಿ, ಚಂದ್ರ ಇವತ್ತು ಕಂಡಾನೋ ಇಲ್ಲವೋ ಎಂಬ ಚಿಂತೆಯಲ್ಲಿದ್ದರು. ಸದ್ಯ, ಇಲ್ಲಿ ಬೇವಿಲ್ಲ. ಹಾರಿ ಅಂದೊಡನೆ ಎದ್ದು ಚಪ್ಪಲಿ ಮೆಟ್ಟಿಕೊಂಡು, "ಬರ್ರಿ, ತೋರಸ್ತೀನಿ" ಎಂದು ಓಣಿಯ ತುದಿಯ ಖಾಲಿ ಪ್ಲಾಟಿಗೆ ಕರೆದೊಯ್ದರು.

ಅಲ್ಲಿ ನಾವೆಲ್ಲ ಆಯಿ ಎಂದು ಕರೆಯುವ ಅಜ್ಜಿಯ ಎಮ್ಮೆ ನಿಂತಿತ್ತು. ಎಮ್ಮೆಯ ಹಗ್ಗ ಹಿಡಿದು ನೋಡುತ್ತ ಹೋದರೆ ಹಗ್ಗದ ತುದಿಯಲ್ಲಿ ನೆಲದಿಂದ ಒಂದು ಫೂಟು ಮೇಲೆ ಚಪ್ಪಟೆ ತುದಿಯ ಗೂಟ. ಕಳೆದ ಶ್ರಾವಣದಲ್ಲಿ ಮಣ್ಣು ಹಸಿ ಇದ್ದಾಗ ಆಯಿ ಒಬ್ಬಳೇ ಒತ್ತಿ ಇಳಿಸಿದ್ದಳಂತೆ. ಈಗ ನಾನು, ಚಾಚಾ, ಹಿಂದೆಯೇ ಬಂದ ಮಗ, ಅಳಿಯ ನಾಲ್ಕೂ ಜನ ಹಿಡಿದು ಅಲುಗಿಸಿದೆವು. ನಾವು ಅಲುಗಿದೆವು. ಅಳಿಯ ಬೆವರು ಒರೆಸಿಕೊಂಡು, "ಮಾವಾರ, ಇದನ್ನ ಕೀಳಬೇಕಾದ್ರ ಒಂದು ಹಾರಿ ಬೇಕ್ರಿ" ಅಂದ.

ಆಯಿ ಹೊರಗೆ ಬಂದು, "ಯಾಕ ಗಡಿಬಿಡಿ ಮಾಡ್ತೀರಪಾ, ಮಿರಗ ಆದ ಮ್ಯಾಲ ತಾನೇ ಬರ್ತದ" ಎಂದಳು. ಇಡೀ ವಾರಾಂತ್ಯದಲ್ಲಿ ನನ್ನ ಮಾತನ್ನು ಒಪ್ಪಿದವಳು ಆಯಿ ಒಬ್ಬಳೇ.

ಸೋಮವಾರ ಮಧ್ಯಾಹ್ನ ಚಾಚಾ ಡಬ್ಬಿ ತುಂಬ ಸುರಕುಂಬಾ ತಂದರು. ನಾವು ಹೋಳಿಗೆ ಕಟ್ಟಿಕೊಟ್ಟೆವು. ಕಾಗದದ ಪ್ರಕಾರ ನಾನು ನಿವೃತ್ತನಾದ ದಿನ ಅದು, ಯಾರಿಗೂ ನೆನಪಿರಲಿಲ್ಲ, ಸುರಕುಂಬಾ ಕುಡಿಯುವಾಗ ನನಗೂ ಇರಲಿಲ್ಲ. ಹಾರಿಯ ಬುಡಕ್ಕೆ ರಾತ್ರಿ ನಾಲ್ಕು ಕೊಡ ನೀರು ಹೊಯ್ದರೆ ಸಡಿಲಾದೀತು ಎಂದು ಚಾಚಾ ಉಪಾಯ ಹೇಳಿದರು. ನಳಕ್ಕೆ ನೀರು ಬಂದು ಮೂರು ದಿನವಾಗಿತ್ತು. ಎರಡೇ ಕೊಡ ಎಂದು ನಮ್ಮಾಕಿ ಚೌಕಾಸಿ ಮಾಡಿದಳು. ಸಂಜೆ ಮಕ್ಕಳು ಬೋಳುತಲೆಯೊಂದಿಗೆ ಊರಿಗೆ ಹೊರಟರು. ಸಸಿ ಬಚ್ಚಲಿನ ನೆರಳಿನಲ್ಲಿ ಒಡೆದ ಬಕೀಟಿನೊಳಗೆ ಉಳಿಯಿತು.

ಏಪ್ರಿಲ್ ಒಂದರಂದು ಐದೂವರೆಗೇ ಎಚ್ಚರವಾಯಿತು. ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕಿಕೊಂಡ ಮೇಲೆ ನೆನಪಾಯಿತು, ಎಲ್ಲಿಗೂ ಹೋಗುವುದಿಲ್ಲ ಎಂದು. ಶರ್ಟು ಬಿಚ್ಚಲು ಮನಸ್ಸಾಗಲಿಲ್ಲ. ಎಂಟಕ್ಕೆ ಸರಿಯಾಗಿ ಅರ್ಧ ಕೊಡ ನೀರು ಹಿಡಿದು ಪ್ಲಾಟಿಗೆ ಹೋದೆ. ಹಾರಿಯ ಸುತ್ತ ಮಣ್ಣು ಕಪ್ಪಗೆ ಹಸಿಯಾಗಿತ್ತು, ನಾನು ಹೊಯ್ದ ನೀರು ಬಿರುಕಿನಲ್ಲಿ ಗುಳುಗುಳು ಎಂದು ಎಲ್ಲಿಗೋ ಇಳಿದು ಹೋಯಿತು. ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಎಮ್ಮೆ ತಲೆ ಎತ್ತಿ ನೋಡಿತು. ಒಳಗಿನಿಂದ ಆಯಿ ಕೂಗಿದಳು, "ಅದು ಬಂದ್ರ ಎಮ್ಮಿ ಎಲ್ಲಿ ಕಟ್ಲಿ? ಮೊದಲ ಒಂದು ಗೂಟ ತಂದು ಕೊಡು."