ಮನೆಯಲ್ಲೇ ಮಾಡಿದ ನಶ್ಯ

ಮೊನ್ನೆ ಭಾನುವಾರ ರಾಜರಾಜೇಶ್ವರಿನಗರದಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಊಟ ಇತ್ತು. ಹಿದುಕಿದ ಅವರೆಬೇಳೆ ಸಾರು, ಮುದ್ದೆ. ಅಲ್ಲಿ ನಾನು ಗಲಾಟೆ ಮಾಡಿದೆ. ಊಟ ಅರ್ಧಕ್ಕೇ ನಿಂತಿತು. ಇವತ್ತಿನವರೆಗೂ ಮೂರು ಜನ ಫೋನ್ ಮಾಡಿ "ಅಷ್ಟಕ್ಕೆಲ್ಲ ಹಾಗೆ ಕೂಗಾಡಬೇಕಿತ್ತಾ ಅಕ್ಕಾ" ಅಂತ ಕೇಳಿದ್ದಾರೆ. ಹೌದು, ಕೂಗಾಡಬೇಕಿತ್ತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಆದದ್ದು ಇಷ್ಟು. ಮನೆಯವರ ಸ್ನೇಹಿತರ ಮಗ, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನ ಹುಡುಗ, ಜೇಬಿನಿಂದ ಪುಟ್ಟ ತಾಮ್ರದ ಡಬ್ಬಿ ತೆಗೆದ. ನಶ್ಯ, ಅಂದರೆ ಮೂಗಿಗೆ ಏರಿಸುವ ಹೊಗೆಸೊಪ್ಪಿನ ಪುಡಿ. ಆನ್‌ಲೈನ್‌ನಲ್ಲಿ ಹೊಗೆಸೊಪ್ಪಿನ ಎಲೆ ತರಿಸಿ, ಬಾಣಲೆಯಲ್ಲಿ ಬಿಸಿ ಮಾಡಿ, ಕಾಫಿ ಬೀಜ ಪುಡಿ ಮಾಡುವ ಮಿಷನ್‌ನಲ್ಲಿ ರುಬ್ಬಿ, ಸುಣ್ಣ ಮತ್ತು ಪುದೀನಾ ಹರಳು ಸೇರಿಸಿದ್ದಾನಂತೆ. "ಮನೆಯಲ್ಲೇ ಮಾಡಿದ್ದು ಆಂಟಿ, ಪ್ಯೂರ್, ಒಂದು ಚೂರೂ ಕೆಮಿಕಲ್ ಇಲ್ಲ" ಅಂದ. ಅಲ್ಲಿಗೆ ಸುಮ್ಮನಿದ್ದೆ. ದೊಡ್ಡವನು, ಅವನ ಮೂಗು, ಅವನ ಇಷ್ಟ. ಆದರೆ ಅವನು ಆ ಡಬ್ಬಿಯನ್ನು ನನ್ನ ತಂಗಿಯ ಮಗನ ಮುಂದೆ ಹಿಡಿದ. ಆ ಮಗುವಿಗೆ ಹದಿನೇಳು ವರ್ಷ. ಮೂರು ದಿನದಿಂದ ಮೂಗು ಕಟ್ಟಿತ್ತು. "ಒಂದು ಚಿಟಿಕೆ ಏರಿಸು, ಸೈನಸ್ ಎಲ್ಲ ಕ್ಲಿಯರ್ ಆಗುತ್ತೆ. ಇದು ನಮ್ಮ ಆಯುರ್ವೇದದಲ್ಲೇ ಇದೆ" ಅಂದ. ನನ್ನ ಕೈ ತಾನಾಗೇ ಹೋಗಿ ಆ ಡಬ್ಬಿ ಕಿತ್ತುಕೊಂಡಿತು.

ನಾನು ಪಿರಿಯಾಪಟ್ಟಣದ ಕಡೆಯವಳು ಅಂತ ನಿಮಗೆಲ್ಲ ಗೊತ್ತು. ಹೊಗೆಸೊಪ್ಪಿನ ಸೀಮೆ. ನಮ್ಮ ಹೊಲದ ಕೊನೆಯಲ್ಲಿ ಬ್ಯಾರನ್ ಇತ್ತು, ಬೆಂಕಿಯ ಕಾವಿನಲ್ಲಿ ಎಲೆ ಒಣಗಿಸುವ ಮನೆ. ಅಪ್ಪ ರಾತ್ರಿಯೆಲ್ಲ ಅದರ ಬೆಂಕಿ ನೋಡಿಕೊಂಡು ಅಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದರು. ಹರಾಜಿನಲ್ಲಿ ಒಳ್ಳೆ ರೇಟು ಬಂದ ವರ್ಷ ನಮಗೆ ಹೊಸ ಬಟ್ಟೆ, ಬರದ ವರ್ಷ ಇಲ್ಲ. ನನ್ನ ಕಾಲೇಜಿನ ಫೀಸು ಆ ಎಲೆಯಿಂದಲೇ ಬಂದದ್ದು. ಅದನ್ನು ಮುಚ್ಚಿಡುವುದಿಲ್ಲ. ಹೊಗೆಸೊಪ್ಪು ಬೆಳೆದ ರೈತರನ್ನು ಬೈಯುವ ಬಾಯಿ ನನ್ನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಅಜ್ಜಿ ನಶ್ಯ ಏರಿಸುತ್ತಿದ್ದರು. ಹಲ್ಲಿಗೂ ತಿಕ್ಕುತ್ತಿದ್ದರು. ಆಗಿನ ಕಾಲದಲ್ಲಿ ಹೆಂಗಸರು ಬೀಡಿ ಸೇದಿದರೆ ಊರೆಲ್ಲ ಮಾತಾಡುತ್ತಿತ್ತು, ನಶ್ಯಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದ ನಶ್ಯ ಅಜ್ಜಿಗೆ ಸರಿಬರುತ್ತಿರಲಿಲ್ಲ. ನಮ್ಮ ಬ್ಯಾರನ್ ಎಲೆಯೂ ಬೇಡ, "ಅದರಲ್ಲಿ ಖಾರ ಎಲ್ಲಿದೆ" ಅನ್ನುತ್ತಿದ್ದರು. ಸಂತೆಯಿಂದ ಬಿಸಿಲಲ್ಲಿ ಒಣಗಿಸಿದ ಕಪ್ಪು ನಾಟಿ ಎಲೆಯನ್ನೇ ತರಿಸಬೇಕು. ಅದನ್ನು ನಶ್ಯ ಮಾಡುವ ಕೆಲಸದಲ್ಲಿ ಏಳೆಂಟು ವರ್ಷದವಳಿದ್ದಾಗಿನಿಂದಲೇ ನಾನು ಅವರ ಬಲಗೈ.

ಹೇಗೆ ಮಾಡುತ್ತಿದ್ದೆವು ಅಂತ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಲೆಯ ನಡುವಿನ ದಪ್ಪ ನರ ಕಿತ್ತು ಬಿಸಾಕುವುದು ನನ್ನ ಕೆಲಸ. ಉಳಿದದ್ದನ್ನು ಅಜ್ಜಿ ಕೆಂಡದ ಮೇಲೆ ಕಬ್ಬಿಣದ ಹಂಚಿಟ್ಟು ಗರಿಗರಿ ಮಾಡುತ್ತಿದ್ದರು. ಸೀದರೆ ಕೆಟ್ಟಿತು, ಹಸಿ ಉಳಿದರೆ ಕುಟ್ಟಲು ಬಗ್ಗುವುದಿಲ್ಲ. ಹಿತ್ತಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಕುಟ್ಟುವುದು. ಮೂಗಿಗೆ, ಬಾಯಿಗೆ ಸೆರಗು. ಆದರೂ ಕೆಮ್ಮು, ಸೀನು, ಕಣ್ಣಲ್ಲಿ ನೀರು. ಆಮೇಲೆ ಹಳೇ ಮಲ್ಲು ಪಂಚೆಯಲ್ಲಿ ಜರಡಿ. ಬಟ್ಟೆಯಿಂದ ಇಳಿದ ಪುಡಿ ಎಷ್ಟು ನುಣ್ಣಗಿರುತ್ತಿತ್ತು ಅಂದರೆ ಬೆರಳಿಗೆ ತಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಸುಣ್ಣದ ತಿಳಿನೀರು ಚಿಮುಕಿಸಿ, ಒಂದು ಬೊಟ್ಟು ತುಪ್ಪ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಹದಕ್ಕೆ ತರುವುದು. ಆ ತಿಕ್ಕುವ ಕೆಲಸವೂ ನನ್ನದೇ, ಮಕ್ಕಳ ಅಂಗೈ ಮೆತ್ತಗಿರುತ್ತೆ ಅಂತ. ಒಣಗಿದ ಬಾಳೆಪಟ್ಟೆಯಲ್ಲಿ ಮಡಿಸಿ ಕಟ್ಟಿಟ್ಟರೆ ಹದ ಆರುತ್ತಿರಲಿಲ್ಲ.

ಚೆಂದದ ಕೆಲಸ ಅದು. ಅಜ್ಜಿಯ ಕೈ ಚಳಕ ನೆನೆದರೆ ನನಗೆ ಈಗಲೂ ಹೆಮ್ಮೆ ಆಗುತ್ತೆ. ಆದರೆ ಅವತ್ತು ರಾತ್ರಿ ನನಗೆ ಪ್ರತಿಸಲ ವಾಂತಿ ಆಗುತ್ತಿತ್ತು. ತಲೆ ಸುತ್ತು, ಬೆವರು, ಹೊಟ್ಟೆ ತೊಳಸು. ದೃಷ್ಟಿ ಆಗಿದೆ ಅಂತ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಅದು ದೃಷ್ಟಿ ಅಲ್ಲ, ನಿಕೋಟಿನ್ ಅಂತ ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತೆ. ಇಬ್ಬನಿ ಬಿದ್ದ ಹಸಿ ಎಲೆ ಕೀಳುವ ಕೂಲಿಯವರಿಗೂ ಹೀಗೇ ತಲೆ ಸುತ್ತಿ ವಾಂತಿ ಆಗುತ್ತೆ, ವೈದ್ಯರು ಅದಕ್ಕೊಂದು ಹೆಸರೇ ಇಟ್ಟಿದ್ದಾರೆ. ಒದ್ದೆ ಅಂಗೈಯಲ್ಲಿ ಸುಣ್ಣ ಹಾಕಿದ ಹೊಗೆಸೊಪ್ಪಿನ ಪುಡಿ ತಿಕ್ಕುತ್ತಾ ಕೂತಿದ್ದ ಮಗುವಿಗೆ ಏನಾಗಬೇಕೋ ಅದೇ ಆಗಿತ್ತು. ಅದೂ ಮನೆಯಲ್ಲೇ ಮಾಡಿದ್ದು. ಅದರಲ್ಲೂ ಒಂದು ಚೂರೂ ಕೆಮಿಕಲ್ ಇರಲಿಲ್ಲ.

ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ. ಮನೆಯಲ್ಲೇ ಮಾಡಿದ್ದು, ಪ್ಯೂರ್. ಏನು ಪ್ಯೂರ್? ವಿಷ ಯಾವುದೋ ಕಾರ್ಖಾನೆಯಲ್ಲಿ ಮೇಲಿಂದ ಸುರಿಯುತ್ತಾರೆ, ಮನೆಯಲ್ಲಿ ಮಾಡಿದರೆ ಅದು ಇರುವುದಿಲ್ಲ ಅಂತ ಈ ಹುಡುಗರು ನಂಬಿದ್ದಾರೆ. ನಿಕೋಟಿನ್ ಗಿಡದ ಒಳಗೇ ಇದೆ. ಹುಳ ತಿನ್ನದಿರಲಿ ಅಂತ ಗಿಡ ತನಗಾಗಿ ಮಾಡಿಕೊಂಡದ್ದು ಅದು. ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳನ್ನೂ ಯಾರೂ ತಂದು ಬೆರೆಸುವುದಿಲ್ಲ. ಎಲೆ ಒಣಗುವಾಗ, ಹದವಾಗುವಾಗ, ದಾಸ್ತಾನಿನಲ್ಲಿ ಕೂತಾಗ ಅದರಲ್ಲೇ ಹುಟ್ಟಿಕೊಳ್ಳುತ್ತವೆ. ಬಾಣಲೆಯಲ್ಲಿ ಬಿಸಿ ಮಾಡಿದರೆ ಓಡಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆ ಇಲ್ಲದ ತಂಬಾಕನ್ನು, ನಶ್ಯವೂ ಸೇರಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಹಾಕಿದೆ. ಲಂಡನ್ನಿನಲ್ಲಿ ಜಾನ್ ಹಿಲ್ ಅನ್ನುವ ವೈದ್ಯ 1761ರಲ್ಲೇ ನಶ್ಯ ಏರಿಸುವವರ ಮೂಗಿನಲ್ಲಿ ಗಡ್ಡೆ ನೋಡಿ ಎಚ್ಚರಿಸಿದ್ದ. ಅವನ ಕಾಲದ ನಶ್ಯದಲ್ಲಿ ಯಾವ ಕಂಪನಿಯ ಕೆಮಿಕಲ್ ಇತ್ತು?

ಇನ್ನು ಆ ಸುಣ್ಣ. "ಘಾಟು ಚೆನ್ನಾಗಿ ಏರಲಿ ಅಂತ ಸ್ವಲ್ಪ ಜಾಸ್ತಿ ಹಾಕಿದ್ದೀನಿ" ಅಂದ ಆ ಹುಡುಗ. ಸುಣ್ಣ ಮಾಡುವ ಕೆಲಸ ಏನು ಅಂತ ಅವನಿಗೆ ಗೊತ್ತಿಲ್ಲ. ಎಲೆಯಲ್ಲಿ ನಿಕೋಟಿನ್ ಆಮ್ಲದ ಜೊತೆ ಕಟ್ಟುಬಿದ್ದಿರುತ್ತೆ. ಸುಣ್ಣದ ಕ್ಷಾರ ಆ ಕಟ್ಟು ಬಿಡಿಸುತ್ತೆ. ಬಿಡುಗಡೆಯಾದ ನಿಕೋಟಿನ್ ಮೂಗಿನ ತೆಳು ಪೊರೆ ದಾಟಿ ಬೇಗ ರಕ್ತಕ್ಕೆ ಸೇರುತ್ತೆ. ಒಂದು ಚಿಟಿಕೆ ಸುಣ್ಣ ಹೆಚ್ಚಾದರೂ ಏಟು ಬೇರೆಯೇ. ಎಲೆಯೂ ಎಲ್ಲ ಒಂದೇ ಅಲ್ಲ. ಗಿಡದ ತುದಿ ಮುರಿದರೆ ಉಳಿದ ಎಲೆಗೆ ನಿಕೋಟಿನ್ ಹೆಚ್ಚು ಸೇರುತ್ತೆ, ಬುಡದ ಎಲೆಗಿಂತ ಮೇಲಿನ ಎಲೆ ಗಡುಸು. ನಮ್ಮ ಊರಿನ ಕೂಲಿ ಹೆಂಗಸರಿಗೂ ಗೊತ್ತಿರುವ ವಿಷಯ ಇದು. ಆನ್‌ಲೈನ್‌ನಲ್ಲಿ ಬಂದ ಎಲೆ ಯಾವ ಗಿಡದ್ದು, ಎಷ್ಟನೇ ಎಲೆ, ಯಾರಿಗೆ ಗೊತ್ತು? ಅಂದಾಜಿನ ಎಲೆ, ಅಂದಾಜಿನ ಸುಣ್ಣ. ಅಂಗಡಿಯ ಡಬ್ಬಿಯ ಮೇಲೆ ಕೊನೆಗೆ ಒಂದು ಎಚ್ಚರಿಕೆಯ ಚಿತ್ರವಾದರೂ ಇರುತ್ತೆ. ಈ ತಾಮ್ರದ ಡಬ್ಬಿಯ ಮೇಲೆ ಏನಿತ್ತು? ಬಳ್ಳಿಯ ಕೆತ್ತನೆ.

ಆಯುರ್ವೇದದ ಮಾತು ಕೇಳಿ ನನಗೆ ಇನ್ನೂ ಹೆಚ್ಚು ನೋವಾಯಿತು. ನಸ್ಯ ಅಂತ ಪಂಚಕರ್ಮದಲ್ಲಿ ಇರುವುದು ನಿಜ. ಅದು ಮೂಗಿಗೆ ಔಷಧದ ಎಣ್ಣೆ ಅಥವಾ ಔಷಧದ ಪುಡಿ ಬಿಡುವ ಚಿಕಿತ್ಸೆ, ವೈದ್ಯರು ನೋಡಿ ಮಾಡುವಂಥದ್ದು. ಹೊಗೆಸೊಪ್ಪಿಗೂ ಅದಕ್ಕೂ ಏನು ಸಂಬಂಧ? ಚರಕ ಸುಶ್ರುತರ ಕಾಲದಲ್ಲಿ ಈ ನೆಲದಲ್ಲಿ ಹೊಗೆಸೊಪ್ಪೇ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ತಲೆನೋವಿಗೆ ಹೊಗೆಸೊಪ್ಪಿನ ಪುಡಿ ಒಳ್ಳೆಯದು ಅಂತ 1560ರ ಸುಮಾರಿಗೆ ಫ್ರಾನ್ಸಿನ ರಾಣಿಗೆ ಕಳಿಸಿಕೊಟ್ಟವನು ಜೀನ್ ನಿಕೋ ಅನ್ನುವ ರಾಯಭಾರಿ. ನಿಕೋಟಿನ್ ಅನ್ನುವ ಹೆಸರು ಅವನಿಂದಲೇ ಬಂತು. ಆ ಹುಡುಗ ನಮ್ಮ ಆಯುರ್ವೇದದ ಮದ್ದು ಅಂತ ಹೇಳಿದ್ದು ಆ ರಾಯಭಾರಿಯ ಮಾತನ್ನೇ. ನಸ್ಯ, ನಶ್ಯ ಎರಡೂ ಕಿವಿಗೆ ಒಂದೇ ಥರ ಕೇಳುತ್ತೆ ಅಂತ ಚಿಕಿತ್ಸೆಯನ್ನೂ ಚಟವನ್ನೂ ಒಂದೇ ಡಬ್ಬಿಗೆ ತುಂಬಬಾರದು.

ಮೂಗು ಬಿಟ್ಟ ಹಾಗೆ ಅನ್ನಿಸುವುದಕ್ಕೆ ಕಾರಣ ಪುದೀನಾ ಹರಳು. ಅದು ತಣ್ಣಗಿರುವ ಭಾವನೆ ಕೊಡುತ್ತೆ, ಗಾಳಿ ಜಾಸ್ತಿ ಬಂದ ಹಾಗೆ ಅನ್ನಿಸುತ್ತೆ. ಕಟ್ಟಿದ ಮೂಗು ಒಳಗೆ ಹಾಗೇ ಕಟ್ಟಿರುತ್ತೆ. ಆ ಮಗುವಿಗೆ ಬೇಕಿದ್ದದ್ದು ಒಂದು ಪಾತ್ರೆ ಬಿಸಿನೀರಿನ ಹಬೆ.

ಈಗ ಫೋನ್ ಮಾಡಿದವರ ಮಾತಿಗೆ ಬರುತ್ತೇನೆ. "ಸಿಗರೇಟಿಗಿಂತ ವಾಸಿ ಅಲ್ವಾ ಅಕ್ಕಾ?" ಹೊಗೆ ಇಲ್ಲ, ಟಾರ್ ಇಲ್ಲ, ಶ್ವಾಸಕೋಶಕ್ಕೆ ಆ ಪೆಟ್ಟು ಇಲ್ಲ. ಒಪ್ಪುತ್ತೇನೆ. ಆದರೆ ಆ ಮಾತು ದಿನಕ್ಕೆ ಒಂದು ಪ್ಯಾಕ್ ಸೇದುವವನಿಗೆ ಸರಿಹೋಗಬಹುದು. ಆ ಹುಡುಗ ಏನೂ ಸೇದುತ್ತಿರಲಿಲ್ಲ. ಅವನ ಮಟ್ಟಿಗೆ ಅದು ಸಿಗರೇಟಿನ ಬದಲಿಗೆ ಬಂದದ್ದಲ್ಲ, ಶುದ್ಧ ಗಾಳಿಯ ಬದಲಿಗೆ ಬಂದದ್ದು. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ, 2025ರಿಂದ ಆ ಕಾನೂನು ಇದೆ. ಬೀದಿ ಕೊನೆಯ ಅಂಗಡಿಯವನು ಕೊಡಬಾರದ್ದನ್ನು ನಾವು ಊಟದ ಮನೆಯಲ್ಲಿ ಪ್ರೀತಿಯಿಂದ ಕೊಡಬಹುದಾ?

"ನಿಮ್ಮ ಅಜ್ಜಿ ಎಂಬತ್ತು ದಾಟಿ ಬದುಕಲಿಲ್ವಾ?" ಬದುಕಿದರು. ಕೊನೆಯ ಹದಿನೈದು ವರ್ಷ ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹಾಲು ಉಕ್ಕಿ ಸೀದು ಹೋಗುತ್ತಿದ್ದರೂ ಒಲೆಯ ಪಕ್ಕ ಕೂತೇ ಇರುತ್ತಿದ್ದರು. ಮಲ್ಲಿಗೆ ಮುಡಿಸಿದರೆ, "ಘಮ ಇದೆಯೇನವ್ವಾ?" ಅಂತ ನನ್ನನ್ನು ಕೇಳುತ್ತಿದ್ದರು. ಎಷ್ಟು ವರ್ಷ ಬದುಕಿದರು ಅಂತ ಲೆಕ್ಕ ಹಾಕುವವರು ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಇಷ್ಟು ಬರೆದ ಮೇಲೆ ಇನ್ನೊಂದು ಮಾತು ಮುಚ್ಚಿಡಲಾರೆ. ನನ್ನ ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ನಾನೂ ಏರಿಸುತ್ತಿದ್ದೆ. ಏಳು ವರ್ಷ.

1990, ಪಿಯುಸಿ ಪರೀಕ್ಷೆ. ರಾತ್ರಿ ಓದಲು ಕೂತರೆ ನಿದ್ದೆ ಬರುತ್ತಿತ್ತು. ಅಜ್ಜಿಯೇ ಒಂದು ಚಿಟಿಕೆ ಕೊಟ್ಟರು, ಪ್ರೀತಿಯಿಂದ. ಡಿಗ್ರಿಗೆ ಬೆಂಗಳೂರಿಗೆ ಬಂದೆ. ಊರಿಂದ ಬರುವವರ ಕೈಯಲ್ಲಿ ಅಜ್ಜಿ ಉಂಡೆ, ಚಕ್ಕುಲಿ ಜೊತೆ ಬಾಳೆಪಟ್ಟೆಯ ಪೊಟ್ಟಣವನ್ನೂ ಕಳಿಸುತ್ತಿದ್ದರು. ಹಾಸ್ಟೆಲ್‌ನಲ್ಲಿ ಬಚ್ಚಲಿಗೆ ಹೋಗಿ ಏರಿಸಿ ಬರುತ್ತಿದ್ದೆ. ಕರ್ಚೀಫಿನ ಕಂದು ಕಲೆ ಯಾರಿಗೂ ಕಾಣದಿರಲಿ ಅಂತ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಗೆಯುತ್ತಿದ್ದೆ. ಅದು ಚಟ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಯಾಕೆ? ಮನೆಯಲ್ಲೇ ಮಾಡಿದ್ದು ಅಲ್ವಾ. ಅಂಗಡಿಯಿಂದ ತಂದಿದ್ದರೆ ಬೇಗ ಹೆದರಿ ಬಿಡುತ್ತಿದ್ದೆನೋ ಏನೋ. ಅಜ್ಜಿಯ ಕೈಯದ್ದು ಅಂತ ಹೆದರಿಕೆಯೇ ಬರಲಿಲ್ಲ. ಮೊದಲ ಸಲ ಬಸುರಿಯಾದಾಗ ಡಾಕ್ಟರು "ತಾಯಿಯ ನಿಕೋಟಿನ್ ಮಗುವಿಗೂ ಹೋಗುತ್ತಮ್ಮ" ಅಂದರು. ಅವತ್ತೇ ಬಿಟ್ಟೆ. ಮೂರು ವಾರ ತಲೆನೋವು, ನಿದ್ದೆ ಇಲ್ಲ, ಕಾರಣ ಇಲ್ಲದೆ ಅಳು, ಎದುರಿಗೆ ಬಂದವರ ಮೇಲೆಲ್ಲ ರೇಗಾಟ. ಬಸುರಿಯ ಸಂಕಟ ಅಂತ ಎಲ್ಲರೂ ಅಂದುಕೊಂಡರು. ನಾನು ಸುಮ್ನಿದ್ದೆ.

ಅದಕ್ಕೇ ಆ ಡಬ್ಬಿ ಕಿತ್ತುಕೊಂಡೆ. ಅದನ್ನು ಮಗುವಿನ ಮುಂದೆ ಹಿಡಿದ ಕೈಯಲ್ಲಿ ನನಗೆ ಅಜ್ಜಿಯ ಕೈಯೇ ಕಂಡಿತು. ಅಷ್ಟೇ ಪ್ರೀತಿ, ಅಷ್ಟೇ ನಂಬಿಕೆ.

ಆ ಹುಡುಗನೂ ಈ ಬರಹ ಓದುತ್ತಾನೆ ಅಂತ ಗೊತ್ತು. ನಿನಗೇ ಹೇಳುತ್ತಿದ್ದೇನೆ ಕಣಪ್ಪಾ. ಎಲ್ಲರ ಮುಂದೆ ಕೂಗಾಡಿದ್ದಕ್ಕೆ, ನಿನ್ನ ಅಮ್ಮನಿಗೆ ನೋವಾಗಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಡಬ್ಬಿ ಕಿತ್ತುಕೊಂಡದ್ದಕ್ಕೆ ಕೇಳುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದು ಬೇಕು ಅನ್ನಿಸಲು ಶುರುವಾಗಿದ್ದರೆ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಲು ಸಹಾಯ ಮಾಡುವವರು ಇದ್ದಾರೆ. 1800-112-356ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಬಿಡುವಾಗ ಹೀಗೆ ಕೇಳುವವರು ಯಾರೂ ಇರಲಿಲ್ಲ. ನಿನಗೆ ಫೋನ್‌ನಲ್ಲಿ ಮಾತಾಡಲು ಮುಜುಗರ ಆದರೆ ನಮ್ಮ ಮನೆಗೆ ಬಾ. ಅವರೆಕಾಯಿ ಇನ್ನೂ ಬರುತ್ತಿದೆ. ಅವತ್ತು ನೀನು ಅರ್ಧ ಮುದ್ದೆ ಬಿಟ್ಟು ಎದ್ದು ಹೋದೆ.