ಸತ್ಯಾಂಶ: ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ

‘2000 ವ್ಯಾಟ್ ಸ್ಪೀಕರ್ 1000 ವ್ಯಾಟ್‌ನದ್ದಕ್ಕಿಂತ ಎರಡು ಪಟ್ಟು ಜೋರು, ಕಾರ್ಯಕ್ರಮಕ್ಕೆ ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಕಲಾವಿದರು ಕಷ್ಟಪಟ್ಟು ಗಳಿಸಿದ ದುಡ್ಡು ಸುರಿಯುವುದು ನೋಡಿದರೆ ಸಂಕಟವಾಗುತ್ತದೆ.

ವ್ಯಾಟ್ ಹೇಳುವುದು ಸ್ಪೀಕರ್‌ಗೆ ಸಿಗುವ ವಿದ್ಯುತ್ತನ್ನು, ಹೊರಬರುವ ಸದ್ದನ್ನಲ್ಲ. ವಿದ್ಯುತ್ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ). ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವಿದ್ಯುತ್ ಬೇಕು.

ಹಾಗಾಗಿ ಸ್ಪೀಕರಿನ ಸೆನ್ಸಿಟಿವಿಟಿ ನೋಡಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬ ಅಳತೆ ಅದು. 97 ಡೆಸಿಬೆಲ್‌ನ ಸ್ಪೀಕರ್ 500 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ 94ರದ್ದಕ್ಕೆ 1000 ವ್ಯಾಟ್ ಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಬಹಳ ಸಲ ‘ಪೀಕ್’ ವ್ಯಾಟ್, ಕ್ಷಣಮಾತ್ರದ ಶಕ್ತಿ. ಎಡೆಬಿಡದೆ ನುಡಿಸುವಾಗ ಸಿಗುವುದು ಅದರ ಕಾಲುಭಾಗವಷ್ಟೇ ಇರಬಹುದು. ಎಡೆಬಿಡದೆ ಸಿಗುವ ಆ ಶಕ್ತಿಯನ್ನು ಹೇಳುವ ‘ಆರ್‌ಎಂಎಸ್’ ಅಂಕಿ ಕೇಳಿ ತಿಳಿದುಕೊಳ್ಳಿ.

ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನ ಸಾಲಿಗೂ ಹಾಡು ಕೇಳಿಸಬೇಕೆಂದರೆ ಸ್ಪೀಕರನ್ನು ಸ್ಟ್ಯಾಂಡ್ ಮೇಲೆ, ಕೇಳುಗರ ತಲೆಗಿಂತ ಎತ್ತರದಲ್ಲಿಡಿ. ಮೈಕ್ ಸ್ಪೀಕರಿನ ಹಿಂದೆ ಇರಲಿ. ಮುಂದೆ ಬಂದರೆ ಕೀರಲು ಸದ್ದು ಶುರುವಾಗುತ್ತದೆ. ಆಗ ವಾಲ್ಯೂಮ್ ಇಳಿಸಲೇಬೇಕು, ಎಷ್ಟು ವ್ಯಾಟ್ ಇದ್ದರೂ ಅಷ್ಟೇ.