ಹಲ್ಲಿಲ್ಲದ ಮಂಡಳಿ ಯಾಕೆ ಬೇಕು ಅಂತ ಕೇಳೋರಿಗೆ

"ಬರೀ ಸಲಹೆ ಕೊಡೋದಕ್ಕೆ ಒಂದು ಮಂಡಳಿ, ಅದಕ್ಕೆ ಚುನಾವಣೆ ಬೇರೆ ಕೇಡು!" ನೆರೆಹೊರೆ ಮಂಡಳಿಗಳ, ಅಂದರೆ ಒಂದೊಂದು ಬಡಾವಣೆಯ ಜನ ಸೇರಿ ನಗರಾಡಳಿತಕ್ಕೆ ಸಲಹೆ ಕೊಡುವ ಮಂಡಳಿಗಳ ಮಾತು ಬಂದರೆ ಯಾರಾದರೊಬ್ಬರು ಹೀಗೆ ಅಂದೇ ಅನ್ನುತ್ತಾರೆ. ನಾನೂ ಅಂದವನೇ. ಈಗ ಅಷ್ಟು ಸಲೀಸಾಗಿ ಹಾಗನ್ನಲು ಬಾಯಿ ಬರುತ್ತಿಲ್ಲ.

ಲಾಸ್ ಏಂಜಲೀಸ್ ನೋಡಿ. ಹತ್ತಿರ ಹತ್ತಿರ 40 ಲಕ್ಷ ಜನ, ನಗರಸಭೆಯಲ್ಲಿ ಇರುವುದು 15 ಸದಸ್ಯರು. ಒಬ್ಬೊಬ್ಬರ ಪಾಲಿಗೆ ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ. ನಿಮ್ಮ ಬೀದಿಯ ದೀಪ ಕೆಟ್ಟಿದ್ದು ಅವರ ಕಿವಿಗೆ ಬೀಳೋದು ಯಾವ ಕಾಲಕ್ಕೆ? ಅಲ್ಲಿನ ಸ್ಯಾನ್ ಫೆರ್ನಾಂಡೋ ಕಣಿವೆಯ ಜನ ನಮ್ಮನ್ನು ಕೇಳೋರೇ ಇಲ್ಲ, ಬೇರೆ ಊರೇ ಮಾಡಿಕೊಳ್ಳುತ್ತೇವೆ ಅಂತ ಹೊರಟಿದ್ದರು. (2002ರ ಮತದಾನದಲ್ಲಿ ಅದು ಬಿದ್ದುಹೋಯಿತು, ಆ ಕಥೆ ಬೇರೆ.) ಆ ಕಾವಿನ ನಡುವೆಯೇ 1999ರಲ್ಲಿ ಮತದಾರರು ಹೊಸ ನಗರ ಸನ್ನದು (ನಗರದ ಆಡಳಿತ ಹೇಗೆ ನಡೆಯಬೇಕು ಅನ್ನೋ ಮೂಲ ಕಾನೂನು) ಒಪ್ಪಿದರು, ಮಂಡಳಿಗಳು ಹುಟ್ಟಿದ್ದು ಅದರಿಂದ. ಈಗ ಸುಮಾರು 99 ಇವೆ. ಸದಸ್ಯರಿಗೆ ಸಂಬಳ ಇಲ್ಲ. ಮತ ಹಾಕಲು ಪೌರತ್ವ ಬೇಕಿಲ್ಲ, ಅಲ್ಲಿ ವಾಸವಿದ್ದರೂ ಸಾಕು, ಕೆಲಸಕ್ಕೆ ಬಂದುಹೋಗುತ್ತಿದ್ದರೂ ಸಾಕು.

ಈ ಮಂಡಳಿಗಳಿಗೆ ಕಾನೂನು ಮಾಡುವ ಅಧಿಕಾರ ಇಲ್ಲ, ತೆರಿಗೆ ಹಾಕುವಂತಿಲ್ಲ. ಆದರೆ ಸನ್ನದಿನಲ್ಲಿ ಒಂದು ಮಾತಿದೆ: ನಗರ ಯಾವುದೇ ತೀರ್ಮಾನ ಮಾಡುವ ಮುಂಚೆ ಮಂಡಳಿಗಳಿಗೆ ಸುದ್ದಿ ಮುಟ್ಟಬೇಕು, ಅವರು ಮಾತಾಡಲು ಅವಕಾಶ ಸಿಗಬೇಕು. ನನ್ನನ್ನು ತಿರುಗಿಸಿದ್ದು ಈ "ಮುಂಚೆ" ಅನ್ನೋ ಒಂದೇ ಪದ. ಟೆಂಡರ್ ಮುಗಿದು, ರಸ್ತೆ ಅಗೆಯುವ ಯಂತ್ರ ಬಂದು ನಿಂತ ಮೇಲೆ ಜಗಳಕ್ಕೆ ಹೋಗಿ ಏನು ಪ್ರಯೋಜನ ಹೇಳಿ.

ನ್ಯೂಯಾರ್ಕ್‌ನಲ್ಲಿ ಇಂಥ 59 ಸಮುದಾಯ ಮಂಡಳಿಗಳಿವೆ, ಒಂದೊಂದರಲ್ಲಿ 50ರವರೆಗೆ ಸದಸ್ಯರು. ಅವರನ್ನು ಜನ ಆರಿಸುವುದಿಲ್ಲ, ನೇಮಕ ಮಾಡುತ್ತಾರೆ. ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೂ ಒಂದು ಜಾಗದ ಬಳಕೆ ಬದಲಾಯಿಸಬೇಕಾದರೆ ಕಡತ ಮೊದಲು ಹೋಗುವುದು ಇವರ ಹತ್ತಿರ, ಅಭಿಪ್ರಾಯ ಹೇಳಲು 60 ದಿನ. ಬೇಡ ಅಂದರೂ ನಗರ ಮುಂದುವರಿಯಬಹುದು, ನಿಜ. ಆದರೆ ಕಟ್ಟಡ ಕಟ್ಟುವವರು ಅಲ್ಲಿ ಬಂದು ನಿಂತು ವಿವರಿಸಬೇಕು. "ಆ ಮೂಲೆಯಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುತ್ತೆ" ಅಂತ ಯಾರೋ ಒಬ್ಬರು ಹೇಳಿದ್ದು ದಾಖಲೆಗೆ ಸೇರಿದರೆ, ನಾಳೆ "ನಮಗೆ ಗೊತ್ತೇ ಇರಲಿಲ್ಲ" ಅಂತ ಕೈ ತೊಳೆದುಕೊಳ್ಳೋದು ಕಷ್ಟ, ಅಲ್ವಾ?

ಹಾಗಂತ ಈ ಮಂಡಳಿಗಳೇನು ಸಾಚಾ ಅಲ್ಲ. ಸಂಜೆ ಸಭೆ ಅಂದರೆ ಬಂದು ಕೂರುವವರು ಯಾರು? ಪುರುಸೊತ್ತು ಇರುವವರು, ಅಂದರೆ ನಿವೃತ್ತರು, ಸ್ವಂತ ಮನೆಯವರು. ಬಾಡಿಗೆ ಮನೆಯವರು, ರಾತ್ರಿ ಪಾಳಿಯವರು, ಮಗುವಿಗೆ ಊಟ ಮಾಡಿಸುತ್ತಿರುವ ತಾಯಿ, ಇವರ್ಯಾರೂ ಅಲ್ಲಿರುವುದಿಲ್ಲ. ಬಂದವರಲ್ಲೂ ದೊಡ್ಡ ಗಂಟಲಿನ ಒಬ್ಬರೇ ಅರ್ಧ ಗಂಟೆ ತಿಂದುಹಾಕುತ್ತಾರೆ. ಬಸ್ ಬೇಕು, ಆದರೆ ನಿಲ್ದಾಣ ನಮ್ಮ ಮನೆ ಮುಂದೆ ಬೇಡ. ಬಡವರಿಗೆ ಮನೆ ಕಟ್ಟಿಕೊಡಿ, ಆದರೆ ಈ ಬೀದಿಯಲ್ಲಿ ಬೇಡ! ಇಂಥವರ ಕೈಗೆ ಯೋಜನೆ ತಡೆಯುವ ಅಧಿಕಾರ ಕೊಟ್ಟರೆ ಊರಲ್ಲಿ ಒಂದು ಇಟ್ಟಿಗೆಯೂ ಅಲ್ಲಾಡಲ್ಲ. ಹಾಗಾಗಿ ಮಂಡಳಿಗೆ ಹಲ್ಲು ಕೊಡಿ ಅನ್ನುವವರ ಜೊತೆ ನಾನಿಲ್ಲ.

ನಾನು ಕೇಳುವುದು ಸಣ್ಣದು. ಸಲಹೆಯನ್ನು ನಗರ ತಳ್ಳಿಹಾಕಲಿ, ಪರವಾಗಿಲ್ಲ. ಯಾಕೆ ತಳ್ಳಿಹಾಕಿದೆವು ಅಂತ ಒಂದು ಪುಟ ಬರೆದು, ಕೆಳಗೆ ಅಧಿಕಾರಿಯ ಹೆಸರು ಹಾಕಿ ಸಹಿ ಮಾಡಿ, ಮಂಡಳಿಯ ಮುಂದಿನ ಸಭೆಯೊಳಗೆ ಕಳಿಸಲಿ.